ಮನೆ ಮಾಲೀಕರಿಗೊಂದು ಬಹಿರಂಗ ಪತ್ರ: ನಿಮ್ಮ ಗೇಟಿನ ಮುಂದೆ ಹೇಳಬೇಕಾಗುವ ಸುಳ್ಳು

ಬಾಡಿಗೆಗೆ ಮನೆ ಕೊಡುವ, ಪುಸ್ತಕವನ್ನೂ ಓದುವ ಮಾಲೀಕರೇ,

ಪುಸ್ತಕ ಓದದ ಮಾಲೀಕರಿಗೆ ಈ ಪತ್ರ ಬರೆಯುತ್ತಿಲ್ಲ. ಅವರೊಡನೆ ಆಡಬೇಕಾದ ಮಾತು ಬೇರೆ. ನಾನು ಬರೆಯುತ್ತಿರುವುದು ನಿಮಗೆ: ಕಾರಂತರನ್ನು ಓದಿದವರಿಗೆ, 'ಊರುಕೇರಿ'ಯನ್ನು ಮಕ್ಕಳ ಕೈಗಿಟ್ಟವರಿಗೆ, ಮಂಜಮ್ಮ ಜೋಗತಿಗೆ ಪದ್ಮಶ್ರೀ ಬಂದ ದಿನ ಆ ವಿಡಿಯೊವನ್ನು ಮನೆಮಂದಿಗೆಲ್ಲ ತೋರಿಸಿದವರಿಗೆ. ಆ ಪುಸ್ತಕಗಳನ್ನು ಓದುವಾಗ ನಿಮ್ಮ ಗಂಟಲು ಕಟ್ಟಿದ್ದು ನಿಜವೆಂದೇ ನಂಬಿದ್ದೇನೆ. ಆ ನಂಬಿಕೆ ಇರುವುದರಿಂದಲೇ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಗೆಳೆಯರ ಜೊತೆ ಬಾಡಿಗೆ ಮನೆ ನೋಡಲು ಹೋದವರಿಗೆಲ್ಲ ನಿಮ್ಮ ಪ್ರಶ್ನೆಗಳು ಬಾಯಿಪಾಠ. 'ನೀವು ಯಾವ ಜನ?' 'ವೆಜ್ಜಾ, ನಾನ್‌ವೆಜ್ಜಾ?' 'ಫ್ಯಾಮಿಲಿನಾ, ಬ್ಯಾಚುಲರ್ರಾ?' 'ಯಜಮಾನರು ಎಲ್ಲಿ ಕೆಲಸ ಮಾಡ್ತಾರೆ?' ಕೊನೆಗೆ, 'ನಮಗೇನೂ ಇಲ್ಲಪ್ಪ, ಆದರೆ ಅಕ್ಕಪಕ್ಕದವರು ಏನಂತಾರೋ.' ಹತ್ತು ತಿಂಗಳ ಅಡ್ವಾನ್ಸಿನ ಮಾತು ಬರುವುದು ಇದೆಲ್ಲ ಮುಗಿದ ಮೇಲೆ. ಕೇಳಿಸಿಕೊಂಡವರು ತಲೆ ತಗ್ಗಿಸಿ ಉತ್ತರ ಕೊಡುತ್ತಾರೆ. ಆ ಉತ್ತರಗಳಲ್ಲಿ ಎಷ್ಟು ಸುಳ್ಳು ಬೆರೆತಿದೆ ಎಂಬುದು ನಿಮಗೆ ಗೊತ್ತಾಗುವುದಿಲ್ಲ. ದಲಿತ ಗುಮಾಸ್ತ ಬೇರೊಂದು ಜಾತಿಯ ಹೆಸರು ಹೇಳುತ್ತಾನೆ. ವಿಚ್ಛೇದನ ಪಡೆದ ಶಿಕ್ಷಕಿ ಗಂಡ ದುಬೈನಲ್ಲಿದ್ದಾನೆ ಎನ್ನುತ್ತಾಳೆ. ಜೊತೆಯಾಗಿ ಬಾಳುವ ಇಬ್ಬರು ಗಂಡಸರು ತಾವು ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಎನ್ನುತ್ತಾರೆ. ಮುಸ್ಲಿಂ ಹುಡುಗ ತನ್ನ ಸಹೋದ್ಯೋಗಿಯ ಹೆಸರಿನಲ್ಲಿ ಕರಾರು ಮಾಡಿಸುತ್ತಾನೆ.

ನಿಮ್ಮ ಕಪಾಟಿನಲ್ಲಿರುವ ಪುಸ್ತಕಗಳ ಜೀವಾಳ ಸತ್ಯ. ತನಗೆ ತಿಳಿದಂತೆ, ತನ್ನ ಷರತ್ತಿನ ಮೇಲೆ, ಸುಳ್ಳಾಡದೆ ಬದುಕುತ್ತೇನೆ ಎಂದು ಹೊರಟವರ ಕಥೆಗಳು ಅವು. ಅಂಥವರು ಊರಿಗೆ ಬಂದಾಗ ಅವರಿಂದ ಮೊದಲ ಸುಳ್ಳು ಹೇಳಿಸುವ ಜಾಗ ನಿಮ್ಮ ಗೇಟು. ನನ್ನ ದೂರು ಇಷ್ಟೆ. ಉಳಿದುದೆಲ್ಲ ಇದರ ವಿವರ.

ಡಾ. ಅಂಬೇಡ್ಕರ್ ಅವರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಪುಟ್ಟ ಪುಸ್ತಕದಿಂದ ತೊಡಗುತ್ತೇನೆ. 1930ರ ದಶಕದಲ್ಲಿ ಬರೆದಿಟ್ಟ ಈ ನೆನಪುಗಳು ಪುಸ್ತಕವಾಗಿ ಬಂದದ್ದು 1990ರಲ್ಲಿ, ಅವರು ತೀರಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಅದರ ಒಂದು ಅಧ್ಯಾಯ ಶುರುವಿನಿಂದ ಕೊನೆಯವರೆಗೆ ಬಾಡಿಗೆ ಕೋಣೆಯ ಕಥೆ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ, ಆಮೇಲೆ ಲಂಡನ್ನಿನಲ್ಲಿ ಓದಿದ ಯುವಕ 1917ರಲ್ಲಿ ಬರೋಡಾಕ್ಕೆ ಬಂದಿಳಿಯುತ್ತಾನೆ. ಓದಿಗೆ ಹಣ ಕೊಟ್ಟದ್ದು ಅಲ್ಲಿನ ಮಹಾರಾಜರು, ಹಾಗಾಗಿ ಅಲ್ಲಿಯೇ ನೌಕರಿ ಮಾಡಬೇಕಾದ ಋಣ. ಕೆಲಸ ಕಾದಿದೆ, ಆದರೆ ಇರಲು ಜಾಗವಿಲ್ಲ. ಹಿಂದೂ ವಸತಿಗೃಹಗಳಲ್ಲಿ ಸೇರಿಸಿಕೊಳ್ಳುವುದಿಲ್ಲ ಎಂಬುದು ಗೊತ್ತು. ಗೆಳೆಯರ ಮನೆಗೆ ಹೋದರೆ ಅವರಿಗೆ ಮುಜುಗರವಾದೀತೆಂಬ ಅಳುಕು. ಕೊನೆಗೆ ಒಂದು ಪಾರ್ಸಿ ವಸತಿಗೃಹ ಸಿಗುತ್ತದೆ. ಅದು ಪಾರ್ಸಿಗಳಿಗೆ ಮಾತ್ರ. ದಾರಿ ಒಂದೇ, ದಾಖಲೆ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸುವುದು. ಬರೆಸುತ್ತಾನೆ. ಬೇರೆ ಅತಿಥಿಗಳಿಲ್ಲದ ಆ ಕಟ್ಟಡದಲ್ಲಿ ಹಳೆಯ ಸಾಮಾನುಗಳ ನಡುವೆ ಮಂದ ಬೆಳಕಿನಲ್ಲಿ ಓದುತ್ತ ದಿನ ದೂಡುತ್ತಾನೆ. ಕೆಲವೇ ದಿನಗಳಲ್ಲಿ ಗುಟ್ಟು ರಟ್ಟಾಗುತ್ತದೆ. ದೊಣ್ಣೆ ಹಿಡಿದ ಗುಂಪು ಮೆಟ್ಟಿಲು ಹತ್ತಿ ಬರುತ್ತದೆ, ಸಂಜೆಯೊಳಗೆ ಖಾಲಿ ಮಾಡಬೇಕೆಂದು ಗದರಿಸುತ್ತದೆ.

ಓದುಗರಿಗೆ ದೊಣ್ಣೆಗಳೇ ನೆನಪಿನಲ್ಲಿ ಉಳಿಯುತ್ತವೆ. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಅದರ ಮುಂದಿನ ಪುಟಕ್ಕೆ. ಅಂಬೇಡ್ಕರ್ ಅಲ್ಲಿಂದ ಇಬ್ಬರು ಗೆಳೆಯರ ಬಳಿ ಹೋಗುತ್ತಾರೆ. ಒಬ್ಬ ಹಿಂದೂ, ಇನ್ನೊಬ್ಬ ಕ್ರೈಸ್ತ. ಇಬ್ಬರೂ ಒಳ್ಳೆಯವರು, ಓದಿದವರು. ಮೊದಲನೆಯವನಿಗೆ ನಿಜವಾಗಿಯೂ ಸಂಕಟವಾಗುತ್ತದೆ, ಆದರೆ ನೀನು ಬಂದರೆ ನಮ್ಮ ಕೆಲಸದವರು ಬಿಟ್ಟುಹೋಗುತ್ತಾರೆ ಎನ್ನುತ್ತಾನೆ. ಎರಡನೆಯವನು ಹೆಂಡತಿಯನ್ನು ಕೇಳದೆ ಏನೂ ಹೇಳಲಾರೆ ಎನ್ನುತ್ತಾನೆ. ದೊಣ್ಣೆ ಹಿಡಿದವರು ಒಂದು ಕಟ್ಟಡದಿಂದ ಹೊರಹಾಕಿದರು. ಊರನ್ನೇ ಬಿಡುವಂತೆ ಮಾಡಿದ್ದು ಈ ಇಬ್ಬರು ಸಜ್ಜನರ ಮೆತ್ತನೆಯ ಮಾತು. ಸಾರ್ವಜನಿಕ ಉದ್ಯಾನವೊಂದರಲ್ಲಿ ಗಂಟೆಗಟ್ಟಲೆ ಕೂತು, ರಾತ್ರಿಯ ರೈಲು ಹಿಡಿದು ಅವರು ಮುಂಬಯಿಗೆ ಹೊರಟುಹೋದರು.

ಮಾಲೀಕರೇ, ನೀವು ದೊಣ್ಣೆ ಹಿಡಿಯುವವರಲ್ಲ. ನೀವಿರುವುದು ಆ ಇಬ್ಬರು ಗೆಳೆಯರ ಜಾಗದಲ್ಲಿ. 'ನಮಗೇನೂ ಇಲ್ಲ, ಅಕ್ಕಪಕ್ಕದವರು' ಎಂಬ ಮಾತಿಗೂ 'ನನಗೇನೂ ಇಲ್ಲ, ಕೆಲಸದವರು' ಎಂಬ ಮಾತಿಗೂ ನಡುವೆ ಕಾಲ ನೂರು ವರ್ಷ ಸರಿದಿದೆ, ಅಷ್ಟೆ.

ಸಿದ್ದಲಿಂಗಯ್ಯನವರ 'ಊರುಕೇರಿ' ನಿಮಗೆ ಪ್ರಿಯ ಎಂದು ಬಲ್ಲೆ. ನಗಿಸುತ್ತಲೇ ಎದೆ ಕಲಕುವ ಪುಸ್ತಕ ಅದು. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿದ ಹುಡುಗ ಹೊಲವೊಂದರಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿರುವುದನ್ನು ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬರು ಅವನ ಅಪ್ಪ. ಮುಂದೆ ಕುಟುಂಬ ಬೆಂಗಳೂರಿನ ಶ್ರೀರಾಮಪುರಕ್ಕೆ ಬರುತ್ತದೆ. ಹಾಸ್ಟೆಲು, ಹಸಿವು, ಓದಲು ಹೋಗಿ ಕೂರುತ್ತಿದ್ದ ಸ್ಮಶಾನ, ಭಾಷಣ, ಚಳವಳಿ, ಒಂದನ್ನೂ ಮರೆಮಾಚದೆ ಬರೆದಿದ್ದಾರೆ. ಅವಮಾನವನ್ನು ಹೇಳುವಾಗಲೂ ಕರುಣೆ ಬೇಡುವ ದನಿಯಿಲ್ಲ. ನಾನು ಇಂಥವನು, ಇಲ್ಲಿಂದ ಬಂದವನು ಎಂದು ತಲೆಯೆತ್ತಿ ಹೇಳುವುದೇ ಆ ಪುಸ್ತಕದ ಘನತೆ. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಾಗ ನಾಡೆಲ್ಲ ಮರುಗಿತು. ಮರುವರ್ಷ ಪದ್ಮಶ್ರೀಯೂ ಬಂತು. ಆ ಪುಸ್ತಕ ಓದಿ ಧೈರ್ಯ ತಂದುಕೊಂಡ ಹುಡುಗನೊಬ್ಬ ನಿಮ್ಮಲ್ಲಿಗೆ ಬಂದು 'ಯಾವ ಜನ' ಎಂಬ ಪ್ರಶ್ನೆಗೆ ಅವರಂತೆಯೇ ನೇರವಾಗಿ ಉತ್ತರ ಕೊಟ್ಟರೆ ಅವನಿಗೆ ಮನೆ ಸಿಗುತ್ತದೆಯೆ? ಕವಿಯ ಪ್ರಾಮಾಣಿಕತೆಗೆ ಪ್ರಶಸ್ತಿ ಕೊಟ್ಟು, ಹುಡುಗನ ಪ್ರಾಮಾಣಿಕತೆಗೆ 'ಮನೆ ಆಗಲೇ ಕೊಟ್ಟಾಯ್ತು' ಎನ್ನುವುದಾದರೆ ಆ ಪುಸ್ತಕವನ್ನು ಓದಿದಂತಾಗಲಿಲ್ಲ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಪುಸ್ತಕಗಳಿಗೆ ಬರುತ್ತೇನೆ. ಎ. ರೇವತಿಯವರ 'ಬದುಕು ಬಯಲು', ಮಂಜಮ್ಮ ಜೋಗತಿಯವರ 'ನಡುವೆ ಸುಳಿವ ಹೆಣ್ಣು'.

ರೇವತಿ ತಮಿಳುನಾಡಿನ ಹಳ್ಳಿಯವರು. ಗಂಡುಮಗುವಾಗಿ ಬೆಳೆಸಲ್ಪಟ್ಟು, ತಾನು ಹೆಣ್ಣು ಎಂಬ ಒಳಗಿನ ಅರಿವನ್ನು ಅದುಮಿಡಲಾರದೆ ಎಳೆಯ ಪ್ರಾಯದಲ್ಲೇ ಮನೆ ಬಿಟ್ಟವರು. ದೆಹಲಿ, ಮುಂಬಯಿ, ಕೊನೆಗೆ ಬೆಂಗಳೂರಿನಲ್ಲಿ ಹಿಜಡಾ ಸಮುದಾಯದ ಸ್ನಾನಗೃಹವಾದ ಹಮಾಮು. ಮನೆಗೆ ಮರಳಿದಾಗ ಒಡಹುಟ್ಟಿದವರ ಏಟು, ಬೀದಿಯಲ್ಲಿ ರೌಡಿಗಳದು, ಠಾಣೆಯಲ್ಲಿ ಪೊಲೀಸರದು. ಲಿಂಗತ್ವ ಅಲ್ಪಸಂಖ್ಯಾತರ ಪರವಾಗಿ ದುಡಿಯುವ ಬೆಂಗಳೂರಿನ 'ಸಂಗಮ' ಸಂಸ್ಥೆಗೆ ಸಣ್ಣ ಕೆಲಸಕ್ಕೆ ಸೇರಿ ಅದರ ನಿರ್ದೇಶಕಿಯಾಗುವ ಮಟ್ಟಕ್ಕೆ ಏರಿದರು. ಆತ್ಮಕಥೆ 2010ರಲ್ಲಿ ಮೊದಲು ಇಂಗ್ಲಿಷಿನಲ್ಲಿ ಬಂತು, ಅವರದೇ ತಮಿಳಿನಲ್ಲಿ ಬಂದದ್ದು ಆಮೇಲೆ. ದು. ಸರಸ್ವತಿ ಅದನ್ನು ಕನ್ನಡಕ್ಕೆ ತಂದರು. ಹೆಗ್ಗೋಡಿನ ಕಲಾವಿದರು ರಂಗಕ್ಕೆ ತಂದರು, ಊರೂರಿನಲ್ಲಿ ಜನ ಕೂತು ನೋಡಿದರು. ಈ ಪುಸ್ತಕದಲ್ಲಿ ನನ್ನನ್ನು ಬಹುವಾಗಿ ಕಾಡಿದ್ದು ಹಿಂಸೆಯ ಪುಟಗಳಲ್ಲ. ಮೈಮಾರಿ ಬದುಕಿದ ದಿನಗಳನ್ನು ಆಕೆ ಮುಚ್ಚಿಡುವುದಿಲ್ಲ, ನನಗೂ ಆಸೆಗಳಿದ್ದವು ಎಂಬುದನ್ನೂ ಮುಚ್ಚಿಡುವುದಿಲ್ಲ. ಸಂತಳಂತೆ ಕಾಣಿಸಿಕೊಂಡು ನಮ್ಮ ಮೆಚ್ಚುಗೆ ಗಿಟ್ಟಿಸುವ ಹಂಬಲ ಆಕೆಗಿಲ್ಲ. ಪ್ರೀತಿ, ಕೆಲಸ, ತಂದೆತಾಯಿಯನ್ನು ನೋಡಿಕೊಳ್ಳುವ ಹಕ್ಕು, ತಾನು ಆರಿಸಿಕೊಂಡ ಹೆಸರು, ಒಂದು ಸೂರು, ಇವಿಷ್ಟನ್ನು ಮರ್ಯಾದೆಯಿಂದ ಕೇಳುತ್ತಾಳೆ. ನಮ್ಮ ನಿಮ್ಮಂಥವರು ಕೇಳದೆಯೇ ಪಡೆದುಕೊಂಡ ಸಾಮಾನ್ಯ ಸಂಗತಿಗಳು ಇವು.

2019ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಬಟ್ಲರ್ ಗ್ರಂಥಾಲಯದ ಮುಂಭಾಗದಲ್ಲಿ ಮಹಿಳಾ ಲೇಖಕರ ಹೆಸರುಗಳ ದೊಡ್ಡ ಪತಾಕೆ ಕಟ್ಟಿದರು. ಆ ಕಟ್ಟಡದ ಕಲ್ಲಿನಲ್ಲಿ ಕೊರೆದಿರುವುದು ಹೋಮರ್, ಪ್ಲೇಟೊ ಮುಂತಾದ ಗಂಡಸರ ಹೆಸರುಗಳು ಮಾತ್ರ. ಅದಕ್ಕೆ ಉತ್ತರವಾಗಿ ಬರೆದ ಹೆಸರುಗಳಲ್ಲಿ ಟೋನಿ ಮಾರಿಸನ್, ಮಾಯಾ ಏಂಜೆಲೊ ಅವರ ಜೊತೆಗೆ ಎ. ರೇವತಿ ಎಂದೂ ಇತ್ತು. ಬರೋಡಾದಲ್ಲಿ ಒಂದು ಕೋಣೆ ಸಿಗದ ಯುವಕ ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ದೂರದೇಶದ ಗ್ರಂಥಾಲಯದ ಹಣೆಯ ಮೇಲೆ ಹೆಸರು ಬರೆಸಿಕೊಂಡ ಲೇಖಕಿಯ ಸಮುದಾಯಕ್ಕೆ ನಮ್ಮ ಬಡಾವಣೆಗಳಲ್ಲಿ ಒಂದು ಸಿಂಗಲ್ ಬೆಡ್‌ರೂಮ್ ಸಿಗುವುದು ಇಂದಿಗೂ ಕಷ್ಟ. ಸಿಕ್ಕರೂ ಬಾಡಿಗೆ ಹೆಚ್ಚು, ಖಾಲಿ ಮಾಡಿಸುವ ಗಡುವು ಕಡಿಮೆ.

ಮಂಜಮ್ಮನ ಕಥೆ ನಿಮಗೆ ಗೊತ್ತು. ಅರುಣ್ ಜೋಳದಕೂಡ್ಲಿಗಿ ಅದನ್ನು ಕೇಳಿ ಬರೆದುಕೊಂಡಿದ್ದಾರೆ, ಬಳ್ಳಾರಿ ಸೀಮೆಯ ಮಾತಿನ ಬಿಸಿ ಆರದಂತೆ. ಕಲ್ಲುಕಂಬದ ಮಂಜುನಾಥ ಶೆಟ್ಟಿ ಎಂಬ ಹುಡುಗನನ್ನು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿ ಜೋಗತಿ ಮಾಡಿದರು. ಮನೆಯವರ ಪಾಲಿಗೆ ಮಗ ಸತ್ತಂತಾಯಿತು. ವಿಷ ಕುಡಿದದ್ದು, ಉಳಿದುಕೊಂಡದ್ದು, ಭಿಕ್ಷೆ ಬೇಡಿದ್ದು, ಮೇಲೆ ಬಿದ್ದವರ ಕ್ರೌರ್ಯ, ಇಡ್ಲಿ ಮಾರಿ ಹೊಟ್ಟೆ ಹೊರೆದದ್ದು, ಕಾಳವ್ವ ಜೋಗತಿಯ ಬಳಿ ಕುಣಿತ ಕಲಿತದ್ದು. ತಲೆಯ ಮೇಲೆ ಎಲ್ಲಮ್ಮನ ಕೊಡ ಹೊತ್ತು, ಕೈ ತಾಗಿಸದೆ ಕುಣಿಯುವ ಆ ಕಲೆ ಅವರಿಗೆ ಅನ್ನವನ್ನೂ ಹೆಸರನ್ನೂ ಕೊಟ್ಟಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವ ಮುನ್ನ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ನಿವಾಳಿಸಿದರು. ನೀವು ಕಣ್ಣರಳಿಸಿ ನೋಡಿದ ವಿಡಿಯೊ ಅದೇ. ದೇಶದ ಅತಿದೊಡ್ಡ ಮನೆಯೊಳಗೆ ನಿಂತು, ಹುಲಿಗಿಯ ಗುಡಿಯಲ್ಲಿ ಏನಾಗಿದ್ದರೋ ಅದೇ ಆಗಿದ್ದರು, ವೇಷ ಬದಲಿಸಲಿಲ್ಲ. ರಾಷ್ಟ್ರಪತಿ ಭವನಕ್ಕೆ ಸಾಧ್ಯವಾದದ್ದು ನಿಮ್ಮ ಎರಡನೇ ಮಹಡಿಗೆ ಯಾಕೆ ಸಾಧ್ಯವಿಲ್ಲ?

ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂತು. ಅಷ್ಟು ಹೊತ್ತಿಗೆ ಅವರು ಮನೆಮನೆಯ ಲೇಖಕ, ಅಮ್ಮನ ಕುರಿತ ಪ್ರಬಂಧಗಳಿಂದ ಜನಪ್ರಿಯರಾಗಿದ್ದವರು. ಅಂಥವರು ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆಗಳನ್ನು ಬರೆದು ತಮ್ಮ ಬದುಕನ್ನೂ ಬಹಿರಂಗಗೊಳಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿದದ್ದರಿಂದ ಆ ಪುಸ್ತಕದ ಪ್ರೀತಿ ಮತ್ತೆ ಅಪರಾಧವಾಯಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ಆ ಕಳಂಕವನ್ನು ತೆಗೆದುಹಾಕಿತು. 'ಕಗ್ಗಂಟು' ಕಥೆಯಲ್ಲಿ ಮೋಹನಸ್ವಾಮಿಯ ಸಂಗಾತಿ ಕಾರ್ತಿಕ್ ಅವನನ್ನು ಬಿಟ್ಟು ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಒಬ್ಬರ ಸುಳ್ಳಿಗೆ ಮೂವರ ಬದುಕು ತೆರಬೇಕಾದ ಬೆಲೆ ಅದು. ಆ ಸುಳ್ಳನ್ನು ಕಾರ್ತಿಕ್ ಒಬ್ಬನೇ ಕಟ್ಟಲಿಲ್ಲ. 'ಫ್ಯಾಮಿಲಿಗೆ ಮಾತ್ರ' ಎಂದು ಗೇಟಿಗೆ ತಗಡು ತೂಗುಹಾಕಿದ ನಾವೆಲ್ಲ ಸೇರಿ ಕಟ್ಟಿದೆವು.

ಕಾರಂತರ 'ಅಳಿದ ಮೇಲೆ' (1960) ಕಾದಂಬರಿಯ ಯಶವಂತನೂ ಊರು ತೊರೆದು ಮುಂಬಯಿಯಲ್ಲಿ ಒಂಟಿಯಾಗಿ ಬಾಳಿದವನೇ. ಅವನು ಎಂಥವನೆಂದು ತಿಳಿಯಲು ಗೆಳೆಯ ಹೊರಟದ್ದು ಅವನು ಸತ್ತ ಮೇಲೆ. ಒಂಟಿ ಗಂಡಸು ಎಂದೊಡನೆ ಬಾಗಿಲು ಮುಂದೆಮಾಡುವವರು ಆ ಕಾದಂಬರಿಯನ್ನು ಇನ್ನೊಮ್ಮೆ ಓದಬೇಕು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಕಲನಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂತು. ಅನುವಾದಿಸಿದ ದೀಪಾ ಭಾಸ್ತಿಯವರಿಗೂ ಅದರಲ್ಲಿ ಸಮಪಾಲು. ಕನ್ನಡಕ್ಕೆ ಮೊದಲ ಬುಕರ್ ಎಂದು ನಾವೆಲ್ಲ ಸಂಭ್ರಮಿಸಿದೆವು, ಸಂಭ್ರಮಿಸಬೇಕಾದ್ದೇ. ಹಾಸನದ ವಕೀಲೆಯಾದ ಬಾನು, ಹೆಂಗಸರಿಗೆ ಮಸೀದಿ ಪ್ರವೇಶ ಬೇಕು ಎಂದದ್ದಕ್ಕೆ 2000ದಲ್ಲಿ ತನ್ನವರಿಂದಲೇ ಬಹಿಷ್ಕಾರ ಎದುರಿಸಿದವರು. ಒಳಗಿನವರ ಪಾಲಿಗೆ ಹೊರಗಿನವಳಾಗುವ ಅಪಾಯವನ್ನು ತಿಳಿದೇ ಮಾತಾಡಿದರು. ಅವರ ಕಥೆಯ ಹೆಣ್ಣುಗಳಂಥವಳೊಬ್ಬಳು, ಗಂಡ ಬಿಟ್ಟ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ನಿಮ್ಮಲ್ಲಿಗೆ ಬಂದರೆ ನೀವು ಎರಡು ಬಾರಿ ಬಾಗಿಲು ಮುಚ್ಚುತ್ತೀರಿ: ಒಮ್ಮೆ ಹೆಸರು ಕೇಳಿ, ಇನ್ನೊಮ್ಮೆ ಗಂಡನ ಹೆಸರು ಕೇಳಿ.

'ಮನೆ ನನ್ನದು, ಸಾಲ ಮಾಡಿ ಕಟ್ಟಿಸಿದ್ದು, ಯಾರಿಗೆ ಕೊಡಬೇಕೆಂಬುದು ನನ್ನಿಷ್ಟ' ಎಂದು ನೀವು ಹೇಳಬಹುದು. ಕಾನೂನು ಬಹಳ ಮಟ್ಟಿಗೆ ನಿಮ್ಮ ಕಡೆಗೇ ಇದೆ, ಅದನ್ನು ಮರೆಮಾಚುವುದಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ರಸ್ತೆಗಳನ್ನು ಹೆಸರಿಸುತ್ತದೆ, ಖಾಸಗಿ ಬಾಡಿಗೆ ಮನೆಯನ್ನು ಹೆಸರಿಸುವುದಿಲ್ಲ. ಒಂದು ಸಮುದಾಯದವರು ತಮ್ಮ ವಸತಿ ಸಹಕಾರ ಸಂಘದ ಸದಸ್ಯತ್ವವನ್ನು ತಮ್ಮವರಿಗಷ್ಟೇ ಮೀಸಲಿಟ್ಟುಕೊಳ್ಳಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕುರಿತ 2019ರ ಕಾಯ್ದೆಯ 3ನೇ ಕಲಮು, ಮನೆ ಬಾಡಿಗೆಗೆ ಪಡೆಯುವುದರಲ್ಲಿ ಅವರಿಗೆ ತಾರತಮ್ಯ ಮಾಡಕೂಡದೆಂದು ಬಿಡಿಸಿ ಹೇಳಿದೆ. ಉಳಿದವರ ವಿಷಯದಲ್ಲಿ ಕಾನೂನು ನಿಲ್ಲುವ ಜಾಗದಿಂದ ಮುಂದಕ್ಕೆ ನಡೆಯಬೇಕಾದದ್ದು ನೀವು. ಅದಕ್ಕೇ ಈ ಪತ್ರವನ್ನು ನ್ಯಾಯಾಲಯಕ್ಕೆ ಬರೆಯದೆ ನಿಮಗೆ ಬರೆದೆ.

ಇನ್ನೊಂದು ಸಂಗತಿ ಗಮನಿಸಿ. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಗೋಡೆಗೆ ಮೊಳೆ ಹೊಡೆಯುವುದರ ಬಗ್ಗೆ ಷರತ್ತಿರುತ್ತದೆ, ಪೇಂಟಿಂಗ್ ಖರ್ಚಿನ ಬಗ್ಗೆ, ನೀರಿನ ಬಿಲ್ಲಿನ ಬಗ್ಗೆ ಇರುತ್ತದೆ. ಜಾತಿಯ ಬಗ್ಗೆ, ಧರ್ಮದ ಬಗ್ಗೆ, ಯಾರ ಜೊತೆ ಮಲಗುತ್ತೀರಿ ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವೆಂದು ನೀವು ಗೇಟಿನಲ್ಲಿ ಕೇಳಿದ್ದನ್ನು ಛಾಪಾ ಕಾಗದದ ಮೇಲೆ ಬರೆಸಲು ನಿಮಗೇ ಮನಸ್ಸಾಗುವುದಿಲ್ಲ. ಬರೆದು ಸಹಿ ಹಾಕಲಾಗದ ಷರತ್ತು ನ್ಯಾಯದ್ದಲ್ಲ ಎಂದು ನಿಮ್ಮ ಕೈಗೆ ಗೊತ್ತಿದೆ.

ಪ್ರಶ್ನೆ ಕೇಳುವುದೇ ತಪ್ಪು ಎನ್ನುತ್ತಿಲ್ಲ. 'ಶೂನ್ಯಸಂಪಾದನೆ'ಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಕೇಳಿದ್ದು ಇಂದಿನ ಮಾಲೀಕರು ಕೇಳುವ ಪ್ರಶ್ನೆಗಿಂತ ಸೌಮ್ಯವಾದದ್ದೇನಲ್ಲ. ನಿನ್ನ ಪತಿ ಯಾರು ಎಂಬುದರಿಂದಲೇ ಅಲ್ಲಿ ವಿಚಾರಣೆ ಶುರು. ಅರಮನೆ ಬಿಟ್ಟು, ಉಟ್ಟದ್ದನ್ನೂ ಬಿಟ್ಟು ಒಬ್ಬಳೇ ನಡೆದು ಬಂದವಳು ಒಂದಿಷ್ಟೂ ಮರೆಮಾಚದೆ ಉತ್ತರ ಕೊಟ್ಟಳು. ಕೇಳಿದವರು ಆ ಉತ್ತರದ ನಿಜಕ್ಕೆ ತಲೆಬಾಗಿ ಅವಳನ್ನು ಒಳಗೆ ಕರೆದುಕೊಂಡರು. ನಿಜ ಹೇಳಿದವರಿಗೆ ಅಲ್ಲಿ ಬಾಗಿಲು ತೆರೆಯಿತು. ನಮ್ಮ ಬಡಾವಣೆಗಳಲ್ಲಿ ನಿಜ ಹೇಳಿದವರಿಗೆ ಬಾಗಿಲು ಮುಚ್ಚುತ್ತದೆ, ಸುಳ್ಳು ಹೇಳಲು ಬಲ್ಲವರಿಗೆ ಬೀಗದ ಕೈ ಸಿಗುತ್ತದೆ. ಹೀಗೆ ಆಯ್ದುಕೊಂಡ ಬಾಡಿಗೆದಾರರಲ್ಲಿ ನಂಬಿಕೆ ಹುಡುಕುವುದು ಹೇಗೆ?

ಅಕ್ಕಪಕ್ಕದವರ ಭಯ ಸುಳ್ಳಲ್ಲ ಎಂದು ನಾನೂ ಬಲ್ಲೆ. ಮೊದಲ ತಿಂಗಳು ಯಾರಾದರೂ ಗೊಣಗುತ್ತಾರೆ, ಸಂಘದ ಸಭೆಯಲ್ಲಿ ಮಾತೆತ್ತುತ್ತಾರೆ. ಆಗ ನೀವು ಹೇಳಬೇಕಾದ್ದು ಒಂದೇ ಮಾತು: 'ಅವರು ನಮ್ಮ ಬಾಡಿಗೆದಾರರು.' ಬರೋಡಾದ ಆ ಇಬ್ಬರು ಗೆಳೆಯರಲ್ಲಿ ಒಬ್ಬನಾದರೂ ತನ್ನ ಮನೆಯವರ ಎದುರು ಇಷ್ಟು ಹೇಳಿದ್ದರೆ ಸಾಕಿತ್ತು.

ನಿಮ್ಮಲ್ಲಿ ಕೇಳಿಕೊಳ್ಳುವುದು ದೊಡ್ಡದೇನಲ್ಲ. ಮುಂದಿನ ಸಲ ಮನೆ ಖಾಲಿಯಾದಾಗ ಬಂದವರನ್ನು ಎರಡೇ ಪ್ರಶ್ನೆ ಕೇಳಿ: ಬಾಡಿಗೆ ಸಮಯಕ್ಕೆ ಸರಿಯಾಗಿ ಕೊಡುತ್ತೀರಾ, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತೀರಾ. ಹೌದು ಎಂದವರಿಗೆ ಮನೆ ಕೊಡಿ. ಜಾತಿ, ಧರ್ಮ, ಗಂಡ, ಹೆಂಡತಿ ಯಾವುದನ್ನೂ ಕೇಳಬೇಡಿ. ಅವರೇ ಹೇಳಿಕೊಂಡರೆ ಕೇಳಿಸಿಕೊಳ್ಳಿ, ಹೇಳಿದ್ದಕ್ಕಾಗಿ ಕರಾರು ಮುರಿಯಬೇಡಿ. 'ಫ್ಯಾಮಿಲಿಗೆ ಮಾತ್ರ' ಎಂಬ ತಗಡನ್ನು ಈ ವಾರವೇ ತೆಗೆಯಿರಿ.

ಇತಿ,
ಬಾಡಿಗೆ ಮನೆಯಲ್ಲಿರುವ ಒಬ್ಬ ಓದುಗ